ಬ್ರಾಕೆಟ್ಟಿನೊಳಗಿನ ಹೆಸರು

ನಮ್ಮ ಮನೆ ಇರುವುದು ಹೌನ್ಸ್ಲೋದಲ್ಲಿ. ಹೀಥ್ರೂ ವಿಮಾನ ನಿಲ್ದಾಣ ಎಷ್ಟು ಹತ್ತಿರವೆಂದರೆ, ಊರಿನಿಂದ ಬಂದವರು ಮೊದಲ ದಿನ ಪ್ರತಿ ವಿಮಾನಕ್ಕೂ ತಲೆಯೆತ್ತಿ ನೋಡುತ್ತಾರೆ. ಮೂರನೆಯ ದಿನದ ಹೊತ್ತಿಗೆ ಅರ್ಧ ಮಾತಿಗೆ ನಿಲ್ಲಿಸಿ, ಅದು ಹೋದ ಮೇಲೆ ಉಳಿದರ್ಧ ಆಡುವುದನ್ನು ಕಲಿತಿರುತ್ತಾರೆ. 2017ರ ಬೇಸಿಗೆಯಲ್ಲಿ ಬಂದ ಅಪ್ಪನೂ ಹಾಗೇ ಕಲಿತಿದ್ದರು. ಬಿಗ್ ಬೆನ್ ನೋಡಿ ಆಗಿತ್ತು. ಥೇಮ್ಸ್ ದಂಡೆಯ ಬಸವಣ್ಣನಿಗೆ ಎರಡು ಸಲ ಕೈಮುಗಿದಾಗಿತ್ತು. ಒಂದು ಶನಿವಾರ "ಇನ್ನೇನೈತಿ ತಮ್ಮಾ ನೋಡೂದು?" ಎಂದರು. ನನಗೆ ತಟ್ಟನೆ ಹೊಳೆದದ್ದು ಫೆಲ್ತಮ್. ಬಸ್ಸಿನಲ್ಲಿ ಸ್ವಲ್ಪ ದೂರ. "ಒಬ್ಬ ಹಾಡುಗಾರನ ಮನೆ ಐತಿ, ಬರ್ರಿ" ಎಂದೆ.

ಪಾಪ್, ರಾಕ್ ಸಂಗೀತದ ಇತಿಹಾಸ ಈ ಊರಿನಲ್ಲಿ ಗೋಡೆಗಳಿಗೆ ಅಂಟಿಕೊಂಡೇ ಇರುತ್ತದೆ, ಹುಡುಕಿಕೊಂಡು ಹೋಗಬೇಕಿಲ್ಲ. 2004ರಲ್ಲಿ ನಾನು ಬಂದಾಗ ಸೇರಿದ ಮೊದಲ ಆಫೀಸು ಸ್ಯಾವಿಲ್ ರೋಗೆ ಹತ್ತಿರವಿತ್ತು. 3ನೇ ನಂಬರಿನ ಕಟ್ಟಡದ ಮುಂದೆ ಎರಡು ವರ್ಷ ಓಡಾಡಿದ ಮೇಲೆ ಗೊತ್ತಾಯಿತು, 1969ರ ಜನವರಿ 30ರಂದು ಬೀಟಲ್ಸ್ ಅದರ ಮಾಳಿಗೆ ಹತ್ತಿ ಕೊನೆಯ ಬಾರಿಗೆ ಒಟ್ಟಾಗಿ ಜನರೆದುರು ಹಾಡಿದ್ದರೆಂದು. ನಲವತ್ತು ನಿಮಿಷವಾಗುವಷ್ಟರಲ್ಲಿ ಪೊಲೀಸರು ಬಂದು ನಿಲ್ಲಿಸಿದರು. ಅದೇ ಬೀಟಲ್ಸಿನ ಜಾರ್ಜ್ ಹ್ಯಾರಿಸನ್ 1966ರಲ್ಲಿ ತೆರಿಗೆ ಅಧಿಕಾರಿಯ ಮೇಲೊಂದು ಹಾಡು ಬರೆದ. ಆಗ ಇಲ್ಲಿ ದೊಡ್ಡ ಗಳಿಕೆಯವರಿಗೆ ಮೇಲಿನ ಪೌಂಡಿನ ಮೇಲೆ ತೆರಿಗೆ ಶೇಕಡಾ 95ಕ್ಕೂ ಹೋಗುತ್ತಿತ್ತು. ನಮ್ಮ ಕಸುಬಿನವರಿಗೆ ಕಣ್ಣಲ್ಲಿ ನೀರು ತರಿಸಬಲ್ಲ ಹಾಡು ಅದೊಂದೇ ಇರಬೇಕು.

ಫೆಲ್ತಮ್‌ನ ಗ್ಲ್ಯಾಡ್‌ಸ್ಟೋನ್ ಅವೆನ್ಯೂ ಅಂಥ ಬೀದಿಯಲ್ಲ. ಒಂದಕ್ಕೊಂದು ಹೊಂದಿಕೊಂಡ ಸಾಧಾರಣ ಮನೆಗಳು, ಮುಂದೆ ಕಾರುಗಳು, ಕಸದ ಡಬ್ಬಿಗಳು. ಒಂದು ಮನೆಯ ಗೋಡೆಯ ಮೇಲೆ ಮಾತ್ರ ದುಂಡನೆಯ ನೀಲಿ ಫಲಕ. ಹಿಂದಿನ ವರ್ಷದ ಸೆಪ್ಟೆಂಬರ್ 1ರಂದು ಇಂಗ್ಲಿಷ್ ಹೆರಿಟೇಜ್ ಹಾಕಿದ್ದು. ಮೇಲೆ ಫ್ರೆಡ್ಡಿ ಮರ್ಕ್ಯುರಿ ಎಂದಿದೆ, ಅದರ ಕೆಳಗೆ ಬ್ರಾಕೆಟ್ಟಿನಲ್ಲಿ ಫ್ರೆಡ್ ಬಲ್ಸಾರಾ.

ಅಪ್ಪ ಕನ್ನಡಕ ಸರಿಮಾಡಿಕೊಂಡು ನಿಧಾನಕ್ಕೆ ಓದಿದರು. "ಬಲ್ಸಾರಾ ಅಂದ್ರ ನಮ್ಮ ಕಡೆಯವರ ಹೆಸರಾತಲ್ಲ?"

ಪಾರ್ಸಿಗಳು ಅಂದೆ. ಹುಟ್ಟಿದ್ದು 1946ರಲ್ಲಿ ಜಾಂಜಿಬಾರ್‌ನಲ್ಲಿ, ಹೆಸರು ಫಾರೂಖ್. ಓದಿದ್ದು ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ. 1964ರಲ್ಲಿ ಜಾಂಜಿಬಾರ್‌ನಲ್ಲಿ ಕ್ರಾಂತಿಯಾದಾಗ ಮನೆಮಂದಿಯೆಲ್ಲ ಊರು ಬಿಟ್ಟು ಇಲ್ಲಿಗೆ ಬಂದರು. ಮುಂದೆ ಹುಡುಗ ಈಲಿಂಗ್‌ನಲ್ಲಿ ಚಿತ್ರಕಲೆ ಓದಿದ, 1970ರಲ್ಲಿ ಗೆಳೆಯರ ಜೊತೆ ಕ್ವೀನ್ ಕಟ್ಟಿದ, ಮರ್ಕ್ಯುರಿ ಆದ. 1975ರಲ್ಲಿ ಬಂದ ಅವನದೊಂದು ಆರು ನಿಮಿಷದ ಹಾಡು ಈ ದೇಶದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. 1991ರಲ್ಲಿ ತೀರಿಕೊಂಡಾಗ ಇನ್ನೂ 45.

ಅಪ್ಪನಿಗೆ ಇದರಲ್ಲಿ ಹೆಚ್ಚು ಆಸಕ್ತಿ ಇದ್ದಂತೆ ಕಾಣಲಿಲ್ಲ. "ಅವರಪ್ಪ ಏನ್ ಮಾಡತಿದ್ರು?" ಎಂದರು.

"ಕ್ಯಾಶಿಯರ್ ಇದ್ರು, ಬ್ರಿಟಿಷ್ ಸರ್ಕಾರದಾಗ."

ಅಪ್ಪ ಈಗ ಮನೆಯನ್ನು ಸರಿಯಾಗಿ ನೋಡಿದರು. ಹಾವೇರಿ ಖಜಾನೆಯಲ್ಲಿ ಅವರದೂ ಅದೇ ಕೆಲಸ, ಮೂವತ್ತೊಂದು ವರ್ಷ. ಸಂಜೆ ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಬರುತ್ತಿರಲಿಲ್ಲ. "ಹಂಗಾರ ಆ ಮನುಷ್ಯಾಗ ಭಾಳ ಕಷ್ಟ ಆಗಿರಬೇಕು. ಮಗ ಹಾಡತೀನಿ ಅಂತ ನಿಂತ, ಮ್ಯಾಲ ಮನಿ ಹೆಸರೂ ಬಿಟ್ಟ." ಸ್ವಲ್ಪ ತಡೆದು, "ಬ್ರಾಕೆಟ್‌ನಾಗ ಹಾಕ್ಯಾರಲ್ಲ, ಲುಕ್ಸಾನಿನ ಹಂಗ" ಎಂದರು. ನಾನು ನಕ್ಕೆ. ನಮ್ಮ ಬ್ಯಾಲೆನ್ಸ್ ಶೀಟುಗಳಲ್ಲಿ ಬ್ರಾಕೆಟ್ಟಿನೊಳಗಿನ ಅಂಕಿ ಎಂದರೆ ಕಳೆಯಬೇಕಾದದ್ದು. ನಾನು ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುವಾಗ ಅಪ್ಪ ನನ್ನ ಪುಸ್ತಕ ತಿರುವಿಹಾಕುತ್ತ ಅದನ್ನು ಕಲಿತಿದ್ದರು.

ಆಗ ಅವರು ಆ ಮಾತು ಹೇಳಿದರು, ಫಲಕ ನೋಡುತ್ತಲೇ. "ನಿಮ್ಮವ್ವಗ ಎದಿನೋವು ಬಂದಾಗ ನಿನ್ನ ಆಫೀಸಿಗೆ ಫೋನ್ ಹಚ್ಚಿದ್ದೆ. ಮಲ್ಲಿಕಾರ್ಜುನ ಪಾಟೀಲ ಅಂತ ಎರಡು ಸಲ ಬಿಡಿಸಿ ಹೇಳಿದೆ. ಆ ಹುಡುಗಿ, ಅಂಥವರು ಯಾರೂ ಇಲ್ಲಿಲ್ಲ ಅಂದ್ಲು."

2008ರ ಮಾರ್ಚ್. ವರ್ಷಾಂತ್ಯದ ಲೆಕ್ಕ, ಮೊಬೈಲ್ ಆಫ್. ಅವ್ವ ಹುಬ್ಬಳ್ಳಿಯಲ್ಲಿ ಐಸಿಯುನಲ್ಲಿದ್ದದ್ದು ನನಗೆ ತಿಳಿದದ್ದು ರಾತ್ರಿ ಮನೆಗೆ ಬಂದ ಮೇಲೆ, ಏಳು ತಾಸು ತಡವಾಗಿ. ಅವ್ವ ಉಳಿದಳು. "ಲೈನ್ ಸಿಗಲಿಲ್ಲ" ಎಂದಷ್ಟೇ ಅಪ್ಪ ಹೇಳಿದ್ದರು. ಒಂಬತ್ತು ವರ್ಷ ನಾನು ಅದನ್ನೇ ನಂಬಿದ್ದೆ. ಆಫೀಸಿನ ಫೋನ್ ಪಟ್ಟಿಯಲ್ಲಿ ನಾನು ಮ್ಯಾಲ್. ಯಾರೂ ಒತ್ತಾಯ ಮಾಡಿರಲಿಲ್ಲ. ಮೊದಲ ವಾರ ಮಲ್ಲಿ ಎಂದು ಪರಿಚಯಿಸಿಕೊಂಡಿದ್ದೆ. ಅದು ಇಲ್ಲಿಯವರ ಕಿವಿಗೆ ಮಾಲಿ ಎಂಬ ಹೆಂಗಸಿನ ಹೆಸರಾಗಿ ಕೇಳಿತು. ನಗುವವರ ಜೊತೆ ನಾನೂ ನಕ್ಕು, ನಾನೇ ಮ್ಯಾಲ್ ಎಂದು ಬರೆದುಕೊಟ್ಟೆ. ಆ ಹುಡುಗಿಯದೇನು ತಪ್ಪು? ಅವಳ ಪಟ್ಟಿಯಲ್ಲಿ ಆ ಹೆಸರಿನವನು ನಿಜವಾಗಿಯೂ ಇರಲಿಲ್ಲ.

ಮರ್ಕ್ಯುರಿಯ ಮೇಲೆ ನನಗೆ ಮೊದಲಿನಿಂದ ಒಂದು ಸಿಟ್ಟಿತ್ತು. ಇಷ್ಟು ದೊಡ್ಡ ಗಾಯಕ ಪಂಚಗಣಿಯ ಬಗ್ಗೆ, ಮನೆಯ ಬಗ್ಗೆ ಹೊರಗೆ ಹೆಚ್ಚು ಮಾತಾಡಲೇ ಇಲ್ಲವಲ್ಲ ಎಂದು. ಅದು 2010ರಲ್ಲಿ ಇನ್ನಷ್ಟು ಬಲಿತಿತ್ತು. ಆ ವರ್ಷ ನಮ್ಮ ಮೈಸೂರಿನ ರಘು ದೀಕ್ಷಿತ್ ಲುಂಗಿಯುಟ್ಟು, ಗೆಜ್ಜೆ ಕಟ್ಟಿಕೊಂಡು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ. ಮರುವರ್ಷ ಗ್ಲಾಸ್ಟನ್‌ಬರಿಗೂ ಹೋದ. ಅವನ ಮೊದಲ ಆಲ್ಬಮ್ಮಿನಲ್ಲಿ ನಮ್ಮ ಶಿಗ್ಗಾಂವಿ ಸೀಮೆಯ ಶರೀಫಜ್ಜನ ಪದಗಳೂ ಇವೆ, ಗಿಟಾರ್ ಸಮೇತ. (ಅಪ್ಪನಿಗೆ ಕೇಳಿಸಿದ್ದೆ. "ಪದ ಚಲೋ ಐತಿ, ಗದ್ದಲ ಭಾಳಾತು" ಎಂದಿದ್ದರು.) ಆಫೀಸಿನಲ್ಲಿ ಒಬ್ಬ ಅವನ ಹೆಸರನ್ನು ಮೂರು ಸಲ ತಪ್ಪು ಹೇಳಿ, ನಾಲ್ಕನೆಯ ಸಲ ಸರಿಯಾಗಿ ಹೇಳಿದ. ಹೇಳಲು ಬರುತ್ತದೆ, ಕಾಯಬೇಕು ಅಷ್ಟೆ. ಆದರೂ ಕಾಲ ಬೇರೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. 1970ರ ಲಂಡನ್ನಿನಲ್ಲಿ ಬಲ್ಸಾರಾ ಎಂಬ ಹುಡುಗನಿಗೆ ಯಾರು ಎಷ್ಟು ಹೊತ್ತು ಕಾಯುತ್ತಿದ್ದರು? ಅವನು ವೇದಿಕೆಗಾಗಿ ಹೆಸರು ಬಿಟ್ಟ. ನಾನು ಬಿಟ್ಟದ್ದು ಚಹಾ ಯಂತ್ರದ ಮುಂದಿನ ಎರಡು ನಿಮಿಷದ ಮುಜುಗರ ತಪ್ಪಿಸಿಕೊಳ್ಳಲು.

"ಅಪ್ಪಾ, ಆವಾಗ ಯಾಕ ಹೇಳಲಿಲ್ಲ ನೀವು?" ಎಂದು ಕೇಳಿದೆ. ಅಷ್ಟರಲ್ಲಿ ತಲೆಯ ಮೇಲೊಂದು ವಿಮಾನ ಬಂತು. ಅದು ಹೋಗುವವರೆಗೆ ಇಬ್ಬರೂ ಕಾದೆವು. ಹೋದ ಮೇಲೆ ಅವರು "ಬಸ್ಸು ಎಷ್ಟಕ್ಕೈತಿ?" ಎಂದರು.

ಸೋಮವಾರ ಎಚ್ಆರ್‌ಗೆ ಇಮೇಲ್ ಬರೆದೆ. ಪಟ್ಟಿ ಬದಲಾಗಲು ಹದಿನೈದು ದಿನ ಹಿಡಿಯಿತು. ಈಗಲೂ ಹಳಬರು ಮ್ಯಾಲ್ ಎಂದೇ ಕರೆಯುತ್ತಾರೆ, ನಾನೂ ಓಗೊಡುತ್ತೇನೆ.

ಆ ಶನಿವಾರ ರಾತ್ರಿ ಊಟವಾದ ಮೇಲೆ ಅಪ್ಪ, "ಆ ಕ್ಯಾಶಿಯರ್ ಮಗನ ಹಾಡು ಹಚ್ಚು" ಎಂದರು. ಲೈವ್ ಏಡ್ ಹಚ್ಚಿದೆ. 1985ರ ಜುಲೈ 13, ಇಥಿಯೋಪಿಯಾದ ಬರಕ್ಕಾಗಿ ವೆಂಬ್ಲಿಯಲ್ಲಿ ನಡೆದ ಸಂಗೀತ, ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ. ಕ್ವೀನ್‌ಗೆ ಸಿಕ್ಕಿದ್ದು ಇಪ್ಪತ್ತು ನಿಮಿಷದ ಆಸುಪಾಸು. ಬಿಳಿ ಬನಿಯನ್ನಿನಲ್ಲಿ ಓಡಿಬಂದ ಅವನು ಮುರುಕು ಮೈಕ್ ಕೋಲು ಹಿಡಿದು ಆ ಜನಸಾಗರವನ್ನೆಲ್ಲ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಿಸಿದ. ಹಾಡಿಲ್ಲದೆ ಬರೀ ಆಲಾಪದಂಥ ಕೂಗು ಹಾಕಿದ, ಜನ ಅದನ್ನೇ ತಿರುಗಿ ಕೂಗಿದರು. ನಮ್ಮೂರ ಭಜನೆಯಲ್ಲಿ ಮುಂದಿನವನು ಹೇಳಿಕೊಟ್ಟದ್ದನ್ನು ಹಿಂದಿನವರು ಹೇಳುವ ಹಾಗೆ. ಅಪ್ಪ ಕುರ್ಚಿಯ ಅಂಚಿಗೆ ಬಂದು ಕೂತಿದ್ದರು. ಪೂರ್ತಿ ನೋಡಿದರು, ನಡುವೆ ಒಂದೇ ಸಲ ಬಾಯಿಬಿಟ್ಟರು.

"ಹೆಸರು ಬಿಟ್ಟರೂ ಮೀಸಿ ಬಿಟ್ಟಿಲ್ಲ ನೋಡು" ಎಂದರು.