ಪ್ರಗತಿಯ ಅಳತೆಗೋಲು

ನಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಹಿತ್ತಾಳೆಯ ಸೇರೊಂದಿದೆ. ಅದರಲ್ಲಿ ರಾಗಿಯನ್ನು ಗೋಪುರದಂತೆ ತುಂಬಿ ಕೊಡುವವರೂ ಇದ್ದರಂತೆ; ಬಾಯಿಮಟ್ಟಕ್ಕೆ ಕೈಯಿಂದ ಸವರಿ ಕೊಡುವವರೂ ಇದ್ದರಂತೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಎರಡೂ ಒಂದೇ ಸೇರು. ಅಜ್ಜಿ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದುಂಟು. ಈ ವರ್ಷ ಕಾಲೇಜಿನ ವಿಚಾರಗೋಷ್ಠಿಗೆ ಪ್ರಬಂಧ ಬರೆಯುವವರೆಗೆ ನಾನು ಅದನ್ನು ಕಥೆಯೆಂದೇ ಭಾವಿಸಿದ್ದೆ.

ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ನನಗೆ ಕೊಟ್ಟ ವಿಷಯ, ರಾಷ್ಟ್ರಗಳ ಡಿಜಿಟಲ್ ಪ್ರಗತಿಯನ್ನು ಅಳೆಯುವುದು ಹೇಗೆ ಎಂಬುದು. ಯೂರೋಪಿಯನ್ ಕಮಿಷನ್ ೨೦೧೪ರಿಂದ ತನ್ನ ಒಕ್ಕೂಟದ ರಾಷ್ಟ್ರಗಳನ್ನು ಹೀಗೆ ಅಳೆಯುತ್ತ ಬಂದಿದೆ. ಆ ಅಳತೆಗೆ ‘ಡಿಜಿಟಲ್ ಅರ್ಥವ್ಯವಸ್ಥೆ ಮತ್ತು ಸಮಾಜದ ಸೂಚ್ಯಂಕ’ ಎಂದು ಹೆಸರು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ‘ಡೆಸಿ’ ಎನ್ನುತ್ತಾರೆ. ನಾನು ಈ ಹೆಸರು ಹೇಳಿದ ಕೂಡಲೆ ಹಿಂದಿನ ಬೆಂಚಿನ ಮಿತ್ರರು, “ದೇಸಿ ಹಸುವೇನಯ್ಯಾ?” ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಸೂಚ್ಯಂಕದ ಏರ್ಪಾಡು ನಮ್ಮ ಪರೀಕ್ಷೆಯಂತೆಯೇ ಇದೆ. ೨೦೨೨ರ ಆವೃತ್ತಿಯಲ್ಲಿ ನಾಲ್ಕು ಪತ್ರಿಕೆಗಳು: ಜನರ ಕೌಶಲ, ಸಂಪರ್ಕದ ಜಾಲ, ಉದ್ಯಮಗಳಲ್ಲಿ ತಂತ್ರಜ್ಞಾನದ ಬಳಕೆ, ಸರ್ಕಾರದ ಸೇವೆಗಳು. ನಾಲ್ಕಕ್ಕೂ ಸಮನಾದ ತೂಕ. ಪರೀಕ್ಷೆಗೆ ಕುಳಿತ ೨೭ ರಾಷ್ಟ್ರಗಳಲ್ಲಿ ಫಿನ್ಲೆಂಡಿಗೆ ಮೊದಲನೆಯ ಸ್ಥಾನ. ಡೆನ್ಮಾರ್ಕ್, ನೆದರ್ಲೆಂಡ್ಸ್, ಸ್ವೀಡನ್ ಅದರ ಬೆನ್ನಿಗೆ. ಕಟ್ಟಕಡೆಯದು ರುಮೇನಿಯ. ೨೦೨೩ರಿಂದ ಈ ಸೂಚ್ಯಂಕವನ್ನು ‘ಡಿಜಿಟಲ್ ದಶಕ’ದ ವರದಿಯೊಳಗೆ ಸೇರಿಸಿದ್ದಾರೆ.

ಕಡೆಯ ಬೆಂಚಿನವನ ಮೇಲೆ ನನಗೆ ಸಹಜವಾಗಿಯೇ ಮಮತೆ. ಆದ್ದರಿಂದ ರುಮೇನಿಯದ ಅಂಕಪಟ್ಟಿಯನ್ನು ತೆರೆದು ನೋಡಿದೆ. ಆಶ್ಚರ್ಯವಾಯಿತು. ಅತಿ ವೇಗದ ತಂತಿಜಾಲ ಅಲ್ಲಿ ಆಗಲೇ ನೂರಕ್ಕೆ ೮೭ ಮನೆಗಳ ಬಾಗಿಲಿಗೆ ಬಂದಿತ್ತು. ಒಕ್ಕೂಟದ ಸರಾಸರಿಯೇ ೭೦. ಶ್ರೀಮಂತ ಜರ್ಮನಿಯಲ್ಲಿ ಆಗ ಗಾಜಿನ ಎಳೆಯ ತಂತಿ ತಲುಪಿದ್ದುದು ನೂರಕ್ಕೆ ಸುಮಾರು ೧೫ ಮನೆಗಳಿಗೆ ಮಾತ್ರ. ಆದರೂ ಜರ್ಮನಿ ೧೩ನೆಯ ಸ್ಥಾನದಲ್ಲಿತ್ತು. ರುಮೇನಿಯದ ತಂತಿಗೆ ಒಂದು ಹಿನ್ನೆಲೆಯಿದೆ. ೧೯೯೦ರ ದಶಕದ ಕೊನೆಯಲ್ಲಿ ಅಲ್ಲಿನ ನಗರಗಳ ಹುಡುಗರು ವಸತಿ ಕಟ್ಟಡದಿಂದ ಕಟ್ಟಡಕ್ಕೆ ತಾವೇ ತಂತಿ ಎಳೆದು, ಇಡೀ ಬೀದಿಗೆ ಸೇರಿ ಒಂದು ಸಂಪರ್ಕ ಪಡೆಯುತ್ತಿದ್ದರು. ಅಂಥ ಕೇರಿಯ ಜಾಲಗಳು ಬೆಳೆದು, ದೊಡ್ಡ ಕಂಪೆನಿಗಳೊಳಗೆ ಸೇರಿಹೋದವು. ಇಷ್ಟೆಲ್ಲ ಇದ್ದೂ ರುಮೇನಿಯ ಕೌಶಲದ ಪತ್ರಿಕೆಯಲ್ಲಿ ಎಡವಿತು. ಮೂಲ ಕೌಶಲವುಳ್ಳವರು ಫಿನ್ಲೆಂಡಿನಲ್ಲಿ ನೂರಕ್ಕೆ ೭೯ ಮಂದಿ, ಒಕ್ಕೂಟದಲ್ಲಿ ಸರಾಸರಿ ೫೪, ರುಮೇನಿಯದಲ್ಲಿ ಕೇವಲ ೨೮. ೨೦೩೦ರ ವೇಳೆಗೆ ಎಲ್ಲೆಡೆ ೮೦ ಆಗಬೇಕೆಂಬುದು ಒಕ್ಕೂಟದ ಗುರಿ. ಬಾಗಿಲಿಗೆ ತಂತಿ ಬಂದ ಮಾತ್ರಕ್ಕೆ ಒಳಗಿರುವವರಿಗೆ ವಿದ್ಯೆ ಬಂದಂತಾಗಲಿಲ್ಲ. ಇದನ್ನು ಹೀಗೆ ಬಿಡಿಸಿ ತೋರಿಸಿದ್ದಕ್ಕಾಗಿ ಆ ಅಳತೆಗೋಲಿಗೆ ನಾವು ಕೃತಜ್ಞರಾಗಿರಬೇಕು.

ಈ ಕೌಶಲವನ್ನು ಅಳೆಯುವ ಬಗೆ ಸ್ವಾರಸ್ಯವಾಗಿದೆ. ಕಳೆದ ಮೂರು ತಿಂಗಳಲ್ಲಿ ನೀವು ಇಂಥಿಂಥ ಕೆಲಸ ಮಾಡಿದಿರಾ ಎಂದು ಕೇಳುತ್ತಾರೆ. ಮಾಹಿತಿ ಹುಡುಕುವುದು, ಇತರರೊಡನೆ ವ್ಯವಹರಿಸುವುದು, ಹೊಸದಾಗಿ ಏನನ್ನಾದರೂ ರಚಿಸುವುದು, ತನ್ನ ಗುಟ್ಟನ್ನು ಕಾಪಾಡಿಕೊಳ್ಳುವುದು, ಬಂದ ತೊಡಕನ್ನು ಬಿಡಿಸುವುದು ಎಂದು ಐದು ವಿಭಾಗ. ಐದರಲ್ಲಿಯೂ ಒಂದೊಂದಾದರೂ ಕೆಲಸ ಮಾಡಿದವನೇ ಪಾಸು.

ಒಂದು ಭಾನುವಾರ ಈ ಪ್ರಶ್ನೆಗಳನ್ನು ಹಿಡಿದು ನಮ್ಮ ಮನೆಯವರನ್ನೇ ಪರೀಕ್ಷಿಸಲು ಕುಳಿತೆ. ಅಪ್ಪ ಎರಡನೆಯ ವಿಭಾಗಕ್ಕೇ ಎದ್ದು ತೋಟಕ್ಕೆ ಹೋದರು. ಮೊಬೈಲಿನಲ್ಲಿ ಮುಳುಗಿರುವವನೆಂದು ಮನೆಯಲ್ಲಿ ಹೆಸರು ಪಡೆದ ನಾನು ನಾಲ್ಕನೆಯ ವಿಭಾಗದಲ್ಲಿ ಸಿಕ್ಕಿಬಿದ್ದೆ. ಯಾವ ಷರತ್ತನ್ನೂ ಓದಿದವನಲ್ಲ, ಯಾವ ಅನುಮತಿಯನ್ನೂ ನಿರಾಕರಿಸಿದವನಲ್ಲ. ‘ಒಪ್ಪಿದೆ’ ಎಂಬಲ್ಲಿ ಒತ್ತುತ್ತ ಬಂದವನು. ಯೂರೋಪಿನ ಲೆಕ್ಕದಲ್ಲಿ ನಾನು ನಪಾಸು! ನಮ್ಮ ಅಮ್ಮ ಮಾತ್ರ ಸ್ವಸಹಾಯ ಸಂಘದ ಲೆಕ್ಕ, ಫೋಟೋ, ಸಂದೇಶಗಳ ಬಲದಿಂದ ಐದನ್ನೂ ದಾಟಿಬಿಟ್ಟರು.

ಅಜ್ಜಿ ತನ್ನ ಸರದಿಗಾಗಿ ಕಾದು ಕುಳಿತಿದ್ದಳು. ಆಗ ನಾನು ಕಾಗದ ತಿರುವಿ ನೋಡಿದರೆ, ಈ ಸಮೀಕ್ಷೆ ೧೬ರಿಂದ ೭೪ರ ವಯಸ್ಸಿನವರಿಗೆ ಮಾತ್ರ. ಅಜ್ಜಿಗೆ ೭೮. “ನೀನು ಈ ಲೆಕ್ಕದಲ್ಲೇ ಇಲ್ಲವಲ್ಲ ಅಜ್ಜಿ” ಎಂದೆ. “ಒಳ್ಳೆಯದಾಯಿತು ಬಿಡಪ್ಪಾ, ನಪಾಸಾಗುವ ಹೆದರಿಕೆ ತಪ್ಪಿತು” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಹಿಂದಿನ ವರ್ಷದ ಒಂದು ಸಂಗತಿ ನೆನಪಾಯಿತು.

ಅಜ್ಜಿಗೆ ವೃದ್ಧಾಪ್ಯ ವೇತನ ಬರುತ್ತದೆ. ಅವಳ ಮಾತ್ರೆ, ಎಲೆಯಡಿಕೆ, ಮೊಮ್ಮಕ್ಕಳ ಕೈಗೆ ಜಾತ್ರೆಯ ಕಾಸು ಎಲ್ಲ ಅದರಲ್ಲೇ. ಬ್ಯಾಂಕಿನ ಖಾತೆಯ ವಿವರ ಬದಲಾಯಿಸಬೇಕಾಗಿ ಬಂದಾಗ, “ಕಚೇರಿಗೆ ಯಾಕೆ ಅಲೆಯುತ್ತೀ?” ಎಂದು ನಾನೇ ಇಂಟರ್ನೆಟ್ಟಿನಲ್ಲಿ ಅರ್ಜಿ ತುಂಬಿದೆ. ಬಸ್ಸಿಗೆ ಹೊತ್ತಾಗಿತ್ತು. ಖಾತೆಯ ಸಂಖ್ಯೆಯಲ್ಲಿ ೬ ಇರಬೇಕಾದಲ್ಲಿ ೯ ಒತ್ತಿದೆ. ನಾಲ್ಕು ತಿಂಗಳು ಹಣ ಬರಲಿಲ್ಲ. ಅಜ್ಜಿ ತಿಂಗಳಿಗೆರಡು ಸಲ ಬ್ಯಾಂಕಿಗೆ ನಡೆದುಹೋಗಿ ಬಂದಳು. ಮೂರನೆಯ ತಿಂಗಳು ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಳೆಂಬುದು ನಮಗೆ ಆಮೇಲೆ ತಿಳಿಯಿತು. ಯಾರನ್ನೂ ಕೇಳಿರಲಿಲ್ಲ.

ಡೆಸಿಯ ಸರ್ಕಾರಿ ಸೇವೆಗಳ ಪತ್ರಿಕೆಯಲ್ಲಿ, ಇಂಟರ್ನೆಟ್ ಬಳಸುವವರ ಪೈಕಿ ಎಷ್ಟು ಮಂದಿ ಅದರ ಮೂಲಕ ಸರ್ಕಾರದೊಡನೆ ವ್ಯವಹರಿಸಿದರು ಎಂಬುದೊಂದು ಪ್ರಶ್ನೆ. ತರಬೇತಿ ಪಡೆದ ಪರೀಕ್ಷಕರು ಸಾಮಾನ್ಯ ಪ್ರಜೆಗಳಂತೆ ಸೇವೆಗಳನ್ನು ಬಳಸಿ ನೋಡುವ ಪದ್ಧತಿಯೂ ಉಂಟು. ಆ ಸೇರಿನಿಂದ ನಮ್ಮ ಮನೆಯನ್ನು ಅಳೆದಿದ್ದರೆ ನನ್ನ ಅರ್ಜಿಗೆ ಒಂದು ಅಂಕ ಖಂಡಿತವಾಗಿ ಬರುತ್ತಿತ್ತು. ಅಜ್ಜಿಯ ನಾಲ್ಕು ತಿಂಗಳು ಯಾವ ಪತ್ರಿಕೆಯಲ್ಲಿಯೂ ಬರುತ್ತಿರಲಿಲ್ಲ. ಇದು ಅಳೆದವರ ತಪ್ಪೆಂದು ನಾನು ಹೇಳಲಾರೆ. ಎಲ್ಲಿಯೋ ಒಂದು ಗೆರೆ ಎಳೆಯದೆ ಯಾವ ಅಳತೆಯೂ ಸಾಗದು. ಆದರೆ ಗೆರೆಯ ಆಚೆಗೆ ಯಾರು ಉಳಿದರು ಎಂಬುದನ್ನು, ಅಂಕಪಟ್ಟಿ ಓದುವಾಗಲೆಲ್ಲ ನಾವು ಕೇಳಿಕೊಳ್ಳಬೇಕು. ಗೋಷ್ಠಿಯಲ್ಲಿ ನಾನು ಇಷ್ಟನ್ನೇ ಹೇಳಿ ಕುಳಿತೆ. ನನ್ನ ಅರ್ಜಿಯ ಕಥೆಯನ್ನು ಹೇಳುವ ಧೈರ್ಯ ಅಂದು ಬರಲಿಲ್ಲ; ಅದಕ್ಕಾಗಿಯೇ ಇಲ್ಲಿ ಬರೆದಿದ್ದೇನೆ.

ಆ ಅರ್ಜಿಯನ್ನು ತಿದ್ದಲು ಕುಳಿತ ದಿನ ಅಜ್ಜಿ ಪಕ್ಕಕ್ಕೆ ಬಂದು ಕುಳಿತಳು. ಅವಳಿಗೆ ಅಕ್ಷರ ಬಾರದು. ಆದರೆ ಬಸ್ಸಿನ ನಂಬರು, ನೋಟು, ಕ್ಯಾಲೆಂಡರುಗಳಿಂದ ಅಂಕೆಗಳೆಲ್ಲ ಬಲ್ಲಳು. ನನಗೆ ಅದು ಅಂದಿನವರೆಗೂ ಗೊತ್ತಿರಲಿಲ್ಲ. ಪಾಸ್‌ಬುಕ್ಕನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು, ಒಂದೊಂದು ಅಂಕೆಯ ಮೇಲೂ ಬೆರಳಿಟ್ಟು ಗಟ್ಟಿಯಾಗಿ ಹೇಳುತ್ತ ಹೋದಳು. ಎಂಟನೆಯದರ ಹತ್ತಿರ ಬೆರಳು ನಿಂತಿತು.

“ಇದು ಆರು. ನೋಡಿಕೊಂಡು ಒತ್ತಪ್ಪಾ” ಎಂದಳು.

ನೋಡಿಕೊಂಡು ಒತ್ತಿದೆ.