ಭೀಮನ ಮಂಡಿ

ಮುಪ್ಪು ಎಂಬುದು ಬಹಳ ಅನುಕೂಲವಾದ ಮಾತು. ಎಂಥ ಕಾಯಿಲೆಗಾದರೂ ಅದೊಂದು ಮುಚ್ಚಳ. ತಾತ ಎದ್ದು ನಿಲ್ಲಲಾರ, ಮುಪ್ಪು. ಅಜ್ಜಿಗೆ ರಾತ್ರಿ ನಿದ್ದೆಯಿಲ್ಲ, ಮುಪ್ಪು. ಹಾಗೆಂದುಬಿಟ್ಟರೆ ಮುಂದೆ ಯಾರೂ ಏನೂ ಮಾಡಬೇಕಾಗಿಲ್ಲ. ಮನುಷ್ಯನಾದರೆ ಒಮ್ಮೊಮ್ಮೆಯಾದರೂ ‘ಅಯ್ಯೋ’ ಎಂದು ನರಳಿ ಆ ಮುಚ್ಚಳವನ್ನು ಎತ್ತಿಯಾನು. ನಾಯಿ ಏನು ಮಾಡಬೇಕು?

ನಮ್ಮ ನಾಯಿಯ ಹೆಸರು ಭೀಮ. ಲ್ಯಾಬ್ರಡಾರ್ ಜಾತಿ, ವಯಸ್ಸು 12 ತುಂಬಿದೆ. ಮರಿಯಾಗಿದ್ದಾಗ ಊಟದ ವಿಷಯದಲ್ಲಿ ತೋರಿದ ಪರಾಕ್ರಮಕ್ಕಾಗಿ ಬಂದ ಹೆಸರು. ಕನ್ನಡ ಮೇಷ್ಟರ ಮನೆಯ ನಾಯಿಯನ್ನು ಟಾಮಿ ಎಂದು ಕರೆಯುವುದು ಚೆನ್ನಾಗಿರುವುದಿಲ್ಲವಲ್ಲ! ಹೆಸರಿಡುವಾಗ ಗದೆಯ ನೆನಪಿತ್ತೇ ಹೊರತು, ಈ ಭೀಮನಿಗೇ ಮುಂದೊಂದು ದಿನ ತೊಡೆಯ ಸಂದು ಸವೆದೀತೆಂದು ಯಾರಿಗೆ ತೋಚೀತು?

ಕಳೆದ ಚಳಿಗಾಲದಲ್ಲಿ ಅದು ಮೊದಲಾಯಿತು. ಬೆಳಗ್ಗೆ ಪತ್ರಿಕೆ ಬಿದ್ದ ಸದ್ದಿಗೆ ಗೇಟಿನವರೆಗೆ ಓಡುತ್ತಿದ್ದವನು ಈಗ ಕುತ್ತಿಗೆಯನ್ನಷ್ಟೇ ಎತ್ತಿ ನೋಡತೊಡಗಿದ. ಏಳುವಾಗ ಮುಂಗಾಲೂರಿ, ಕ್ಷಣಕಾಲ ಯೋಚಿಸಿ, ತನ್ನ ಹಿಂಭಾಗವನ್ನು ಬೇರೆ ಯಾರದೋ ಸಾಮಾನೆಂಬಂತೆ ಎತ್ತಿಕೊಳ್ಳುತ್ತಿದ್ದ. ಮನೆಗೆ ಬಂದವರೆಲ್ಲ ಕನಿಕರದಿಂದ ‘ವಯಸ್ಸಾಯಿತು, ಪಾಪ’ ಎಂದರು. ಒಪ್ಪದವಳು ಅಮ್ಮ ಒಬ್ಬಳೇ. ಅವಳಿಗೆ 78, ಎರಡೂ ಮಂಡಿಗಳಲ್ಲಿ ಸಂಧಿವಾತ. “ನೋಡು, ಎದ್ದ ಮೇಲೆ ಹತ್ತು ಹೆಜ್ಜೆ ಕುಂಟುತ್ತಾನೆ, ಆಮೇಲೆ ಸರಾಗವಾಗಿ ನಡೆಯುತ್ತಾನೆ. ನನಗೂ ಹಾಗೇ. ಅದು ವಯಸ್ಸಲ್ಲ, ನೋವು” ಎಂದಳು. ಪಶುವೈದ್ಯೆಯೂ ಆಮೇಲೆ ಇದನ್ನೇ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದರೆಂಬುದಷ್ಟೇ ವ್ಯತ್ಯಾಸ.

ಆಕೆ ಬುದ್ಧಿವಂತೆ. ಕರೆತರುವ ಮೊದಲೇ, ಮನೆಯಲ್ಲಿ ಅವನು ಏಳುವುದನ್ನೂ ನಡೆಯುವುದನ್ನೂ ಫೋನಿನಲ್ಲಿ ಚಿತ್ರಿಸಿಕೊಂಡು ಬನ್ನಿ ಎಂದಿದ್ದರು. ಆಸ್ಪತ್ರೆಯ ನೂರೆಂಟು ವಾಸನೆಗಳ ಸಂಭ್ರಮದಲ್ಲಿ ನಾಯಿಗಳು ಕುಂಟುವುದನ್ನೇ ಮರೆತುಬಿಡುತ್ತವಂತೆ. ಕೀಲುನೋವಿಗೆ ನಾಯಿ ಕೂಗಿಕೊಳ್ಳುವುದು ಅಪರೂಪ. ಹತ್ತುತ್ತಿದ್ದ ಮೆಟ್ಟಿಲನ್ನು ಬಿಡುತ್ತದೆ, ನೋಯುವ ಸಂದನ್ನು ನೆಕ್ಕುತ್ತದೆ, ಮೈದಡವಲು ಹೋದರೆ ಗುರ್ರೆನ್ನುತ್ತದೆ. ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಸವೆದು, ಕೀಲಿನ ಒಳಪೊರೆ ಊದಿ, ಅಂಚಿನಲ್ಲಿ ಬೇಡದ ಮೂಳೆ ಬೆಳೆಯುವುದೇ ಈ ರೋಗ. ಸವೆದದ್ದು ಮರಳಿ ಬರುವುದಿಲ್ಲ. ಆದರೆ ನೋವನ್ನು ತಗ್ಗಿಸಬಹುದು.

ಅದಕ್ಕೆ ಅಮ್ಮನ ಬಳಿ ಸಿದ್ಧ ಉಪಾಯವಿತ್ತು: ತನ್ನ ಮಾತ್ರೆಯಲ್ಲೇ ಅರ್ಧ ಮುರಿದು ಅವನಿಗೆ ಕೊಡುವುದು. ಉದಾರ ಬುದ್ಧಿಯೇ, ಆದರೆ ವೈದ್ಯೆ ಕೇಳಿ ಬೆಚ್ಚಿಬಿದ್ದರು. ಅಮ್ಮನದು ಡೈಕ್ಲೊಫೆನಾಕ್. ಅದಾಗಲಿ, ನಾವು ತಲೆನೋವಿಗೆ ನುಂಗುವ ಐಬುಪ್ರೊಫೆನ್ ಆಗಲಿ, ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ರಕ್ತ ಸುರಿಸಬಲ್ಲವು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಡೈಕ್ಲೊಫೆನಾಕ್‌ನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ದನಗಳ ನೋವಿಗೆಂದು ಕೊಟ್ಟ ಈ ಔಷಧಿ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ, ನಮ್ಮ ದೇಶದಲ್ಲಿ ಅವುಗಳ ಸಂತಾನವನ್ನೇ ಬಹುಮಟ್ಟಿಗೆ ಅಳಿಸಿತು. ಕಾರಣ ಬಯಲಾದದ್ದು 2004ರಲ್ಲಿ. ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದ್ದು 2006ರಲ್ಲಿ. ಬೆಂಗಳೂರು–ಮೈಸೂರು ದಾರಿಯಲ್ಲಿರುವ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ರಾಮನ ಬೆಟ್ಟದಲ್ಲೇ ಜಟಾಯುವಿನ ನೆಂಟರಿಗೆ ಆಶ್ರಯ ಸಿಕ್ಕಿತೆಂದು ನಾವು ಪುರಾಣಪ್ರಿಯರು ಸಂತೋಷಪಡಬಹುದು. ಡೈಕ್ಲೊಫೆನಾಕ್‌ನ ಸ್ಥಾನಕ್ಕೆ ಬಂದ, ಹದ್ದುಗಳಿಗೆ ಕೇಡು ಮಾಡದ ಮೆಲಾಕ್ಸಿಕಾಮ್ ಎಂಬ ಔಷಧಿಯೇ ಈಗ ಭೀಮನಿಗೂ ನಡೆಯುತ್ತಿದೆ. ಮೊದಲು ರಕ್ತಪರೀಕ್ಷೆ, ಅನಂತರ ಮೈತೂಕ ನೋಡಿ ವೈದ್ಯೆ ಗೊತ್ತುಮಾಡಿದಷ್ಟು, ದಿನಕ್ಕೊಮ್ಮೆ, ಊಟದ ಜೊತೆಗೆ. ಹೆಚ್ಚು ಕೊಟ್ಟರೆ ಹೆಚ್ಚು ಗುಣವೆಂಬ ನಮ್ಮ ಮನೆಮಾತು ಇಲ್ಲಿ ನಡೆಯದು.

ಮಾತ್ರೆಯನ್ನಾದರೂ ಬೆಲ್ಲದ ಚೂರಿನಷ್ಟು ಅನ್ನದಲ್ಲಿ ಹುದುಗಿಸಿ ನುಂಗಿಸಬಹುದು. ನಿಜವಾಗಿ ಕಹಿಯಾದ ಔಷಧಿ ಪಥ್ಯ. ಭೀಮ 41 ಕಿಲೋ ತೂಗುತ್ತಿದ್ದ. ಅಷ್ಟನ್ನೂ ಹೊರಬೇಕಾದದ್ದು ಆ ಸವೆದ ಕೀಲುಗಳೇ ತಾನೆ? ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಟ್ಟು, ಅವುಗಳ ಜೀವಮಾನವೆಲ್ಲ ಗಮನಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು. ಕೀಲುನೋವಿಗೆ ಔಷಧಿಯ ಅಗತ್ಯವೂ ಅವಕ್ಕೆ ಸುಮಾರು ಮೂರು ವರ್ಷ ತಡವಾಗಿ ಬಂತು. ಇದನ್ನು ಮನೆಯಲ್ಲಿ ಓದಿ ಹೇಳಿದೆ. ಎಲ್ಲರೂ ತಲೆದೂಗಿದರು, ಭೀಮನ ಹೊರತು. ಚಪಾತಿಯ ತುಂಡು, ಹಪ್ಪಳದ ಚೂರು, ಮಜ್ಜಿಗೆಯನ್ನದ ಕಡೆಯ ತುತ್ತು ಎಲ್ಲ ನಿಂತವು. ಊಟದ ಹೊತ್ತಿನಲ್ಲಿ ಅವನ ಕಣ್ಣನ್ನು ಎದುರಿಸುವುದಕ್ಕಿಂತ ಪರೀಕ್ಷೆಯಲ್ಲಿ ನಪಾಸಾದ ಹುಡುಗನ ತಂದೆಯನ್ನು ಎದುರಿಸುವುದು ಸುಲಭ. ಎಂಟು ತಿಂಗಳಲ್ಲಿ 35 ಕಿಲೋಗೆ ಇಳಿದಿದ್ದಾನೆ.

ಮನೆಯ ನೆಲದ್ದು ಇನ್ನೊಂದು ಕಥೆ. ನುಣುಪಾದ ಟೈಲ್ಸು ನಮಗೆ ಪ್ರತಿಷ್ಠೆ. ಕೀಲು ಗಟ್ಟಿಯಿಲ್ಲದ ನಾಯಿಗೆ ಅದು ಪಾಚಿಗಟ್ಟಿದ ಬಾವಿಕಟ್ಟೆ. ಒಂದು ಸಲ ಕಾಲು ಜಾರಿ ಹಿಸಿದುಕೊಂಡರೆ ಹದಿನೈದು ದಿನದ ಔಷಧಿ ವ್ಯರ್ಥ. ಆದ್ದರಿಂದ ಅವನು ಮಲಗುವಲ್ಲಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ, ಅಡಿಯಲ್ಲಿ ರಬ್ಬರಿರುವ ಚಾಪೆಗಳನ್ನು ಸಾಲಾಗಿ ಹಾಸಿದೆವು. ಮನೆ ಜಾತ್ರೆಯ ಅಂಗಡಿಯಂತಾಯಿತೆಂದು ನನ್ನ ಹೆಂಡತಿಯ ಆಕ್ಷೇಪಣೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಹೊರಗಿನ ಎರಡು ಮೆಟ್ಟಿಲ ಮೇಲೆ ಒಂದು ಇಳಿಜಾರು ಹಲಗೆ. ಉಗುರನ್ನೂ ಬೆರಳ ಸಂದಿನ ಕೂದಲನ್ನೂ ಆಗಾಗ ಕತ್ತರಿಸುವುದು, ಹಾಸಿಗೆಯನ್ನು ದಪ್ಪ ಮಾಡುವುದು. ಚಳಿಯಿದ್ದರೆ ಅಮ್ಮನ ಬಿಸಿನೀರಿನ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ, ನಮ್ಮ ಕೈಗೆ ಹಿತವೆನಿಸಿದ ಮೇಲೆ, ಅವನ ಸೊಂಟಕ್ಕೆ.

ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಒಂದು ನಾಯಿ ಹಿಮಾಲಯವನ್ನೇ ಏರಿತು. ಕುಮಾರವ್ಯಾಸ ಹತ್ತು ಪರ್ವಗಳಿಗೇ ನಿಲ್ಲಿಸಿದ್ದರಿಂದ ಆ ನಾಯಿಯ ನಡಿಗೆಯನ್ನು ಅವನ ಮಾತಿನಲ್ಲಿ ಕೇಳುವ ಭಾಗ್ಯ ನಮಗಿಲ್ಲ. ಅದು ಸಾಕ್ಷಾತ್ ಯಮಧರ್ಮ, ಮಂಡಿನೋವಿನ ಮಾತೇ ಇಲ್ಲ. ನಮ್ಮ ಭೀಮನಿಗೆ ವೈದ್ಯೆ ವಿಧಿಸಿರುವುದು ಬೆಳಗ್ಗೆ 15 ನಿಮಿಷ, ಸಂಜೆ 15 ನಿಮಿಷ. ವಾರವೆಲ್ಲ ಮಲಗಿಸಿ ಭಾನುವಾರ ಊರೆಲ್ಲ ಸುತ್ತಿಸಕೂಡದು. ಪೂರ್ತಿ ಮಲಗಿಸಲೂ ಕೂಡದು, ಸ್ನಾಯು ಕರಗಿದರೆ ಕೀಲಿಗೆ ಆಸರೆಯಿಲ್ಲ. ಇದನ್ನು ಕೇಳಿದ ಅಮ್ಮ, ತನ್ನ ಡಾಕ್ಟರು ಹತ್ತು ವರ್ಷದಿಂದ ಹೇಳುತ್ತಿದ್ದರೂ ಕಿವಿಗೆ ಹಾಕಿಕೊಳ್ಳದವಳು, ಮರುದಿನವೇ ಚಪ್ಪಲಿ ಮೆಟ್ಟಿ ಹಗ್ಗ ಹಿಡಿದಳು. ಈಗ ದಿನವೂ ಇಬ್ಬರೂ ಬೀದಿಯ ಕೊನೆಯ ಹೊಂಗೆಮರದವರೆಗೆ ಹೋಗುತ್ತಾರೆ. ಅಲ್ಲಿಯ ಕಟ್ಟೆಯಲ್ಲಿ ಒಂದಿಷ್ಟು ವಿಶ್ರಾಂತಿ. ಯಾರಿಗೆ ಮೊದಲು ಸುಸ್ತಾಯಿತೆಂದು ಕೇಳಿದರೆ ಅಮ್ಮ ಭೀಮನ ಕಡೆ ಬೆರಳು ತೋರಿಸುತ್ತಾಳೆ. ಅವನು ಏನೂ ಹೇಳುವುದಿಲ್ಲ.