ಬಂಡಿಗೆ ನೆರಳು, ಪ್ಯಾನೆಲ್‌ಗೆ ಬಿಸಿಲು

ಹಾವೇರಿ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಮಳೆ ಕೈಕೊಟ್ಟ ವರ್ಷವೂ ಬಿಸಿಲು ಕೈಕೊಡುವುದಿಲ್ಲ. ಆ ಬಿಸಿಲಿನಲ್ಲಿ ಇಲ್ಲಿಯವರು ಮೆಣಸಿನಕಾಯಿ ಒಣಗಿಸುತ್ತಾರೆ, ಗೋವಿನಜೋಳ ಒಣಗಿಸುತ್ತಾರೆ, ಹಪ್ಪಳ ಸಂಡಿಗೆ ಒಣಗಿಸುತ್ತಾರೆ. ಫೆಬ್ರುವರಿ ಕೊನೆಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸುತ್ತಿ ಬಂದ ನಾವು ಅದೇ ಬಿಸಿಲಿನಲ್ಲಿ ಒಂದು ಬ್ಯಾಟರಿ ತುಂಬಿಸಿಕೊಂಡೆವು.

ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ನನ್ನ ತಮ್ಮನ ಮಗ ಜೀಪಿನ ಹಿಂದೆ ಜೋಡಿಸುವ ಒಂದು ಪುಟ್ಟ ಬಂಡಿ ಮಾಡಿಸಿದ್ದಾನೆ. ಒಳಗೆ ಮೂವರು ಮಲಗಬಹುದು. ಒಂದು ಫ್ಯಾನು, ಎರಡು ಎಲ್‌ಇಡಿ ದೀಪ, ಹಾಲಿನ ಕ್ಯಾನಿನಷ್ಟು ದೊಡ್ಡ ಫ್ರಿಜ್ಜು. ಇವಕ್ಕೆಲ್ಲ 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿ ಒಂದೇ ಆಧಾರ. ಅದನ್ನು ತುಂಬಿಸಲು ಸೂಟ್‌ಕೇಸಿನಂತೆ ಮಡಚುವ 100 ವ್ಯಾಟಿನ ಸೋಲಾರ್ ಪ್ಯಾನೆಲ್. ನಾನು, ನನ್ನಾಕೆ, ಮಗ, ಸೊಸೆ, ಆರನೆಯ ತರಗತಿಯ ಮೊಮ್ಮಗಳು ಹೊರಟೆವು. ಮಗ ಮತ್ತು ನಾನು ಜೀಪಿನಲ್ಲಿ ಮಲಗುವುದು, ಹೆಂಗಸರು ಬಂಡಿಯಲ್ಲಿ ಎಂದು ಮೊದಲೇ ತೀರ್ಮಾನವಾಗಿತ್ತು.

ಫ್ರಿಜ್ಜು ನಮಗೆ ಶೋಕಿಯ ವಸ್ತುವಾಗಿರಲಿಲ್ಲ. ನನ್ನಾಕೆಗೆ 14 ವರ್ಷದಿಂದ ಇನ್ಸುಲಿನ್. ತೆರೆಯದ ಶೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಳಸುತ್ತಿರುವ ಶೀಸೆ ಸಾಧಾರಣ ಕೋಣೆಯ ತಂಪಿನಲ್ಲಿ ಕೆಲವು ವಾರ ತಡೆಯುತ್ತದೆ. ಆದರೆ ಬಾಗಿಲು ಹಾಕಿದ ಬಂಡಿಯೊಳಗೆ ಮಧ್ಯಾಹ್ನದ ಹೊತ್ತು ಕೋಣೆಯ ತಂಪು ಎಲ್ಲಿಂದ ಬರಬೇಕು? ಬಿಸಿಗೆ ಕೆಟ್ಟ ಇನ್ಸುಲಿನ್ ಎಷ್ಟೋ ಸಲ ನೋಡಲು ಚೆನ್ನಾಗಿಯೇ ಇರುತ್ತದೆ. ಕೆಟ್ಟದ್ದು ತಿಳಿಯುವುದು ಸಕ್ಕರೆ ಏರಿದ ಮೇಲೆ. ಆದ್ದರಿಂದ ನಾಲ್ಕು ರಾತ್ರಿ ಆ ಫ್ರಿಜ್ಜು ನಿಲ್ಲಬಾರದು ಎಂಬುದೇ ನಮ್ಮ ಪ್ರವಾಸದ ಮೊದಲ ಷರತ್ತು.

ಬ್ಯಾಂಕಿನ ಗುಮಾಸ್ತನಾಗಿ ಆಯುಷ್ಯ ಕಳೆದವನು ನಾನು. ಬ್ಯಾಟರಿಯನ್ನು ಕಂಡರೆ ನನಗೆ ಪಾಸ್‌ಬುಕ್ಕೇ ನೆನಪಾಗುತ್ತದೆ. ಮೊಮ್ಮಗಳಿಗೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಸಿದೆ: ಜಮಾ, ಖರ್ಚು. ಫ್ರಿಜ್ಜು 40 ವ್ಯಾಟಿನದು, ದಿನದ ಮೂರನೆಯ ಒಂದು ಭಾಗ ಓಡುತ್ತದೆ, ಅಂದರೆ ದಿನಕ್ಕೆ ಸುಮಾರು 320 ವ್ಯಾಟ್-ಅವರ್. ಫ್ಯಾನು ಆರು ತಾಸಿಗೆ 90. ದೀಪಗಳಿಗೆ 40. ಮೊಬೈಲುಗಳಿಗೆ 30. ಒಟ್ಟು ಖರ್ಚು 480. ಇನ್ನು ಜಮಾ: 100 ವ್ಯಾಟಿನ ಪ್ಯಾನೆಲ್ ಈ ಸೀಮೆಯ ಬಿಸಿಲಿನಲ್ಲಿ, ಬಿಸಿ, ಧೂಳು, ತಂತಿಯ ನಷ್ಟವೆಲ್ಲ ಕಳೆದು, ದಿನಕ್ಕೆ ಸುಮಾರು 350 ಕೊಡಬಹುದು. ದಿನವೂ 130 ಖೋತಾ. ಬ್ಯಾಟರಿ ತುಂಬಿದಾಗ 1200 ಇರುತ್ತದೆ. ಆದರೆ ಸೀಸ-ಆಮ್ಲದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. 600 ನಮ್ಮ ಮಿನಿಮಮ್ ಬ್ಯಾಲೆನ್ಸ್.

ಮೊದಲ ರಾತ್ರಿ ಹಾವೇರಿಯಲ್ಲಿ, ಪರಿಚಯದವರ ಹಿತ್ತಲಿನಲ್ಲಿ ತಂಗಿದೆವು. ಸಂಜೆ ಪುರಸಿದ್ಧೇಶ್ವರ ಗುಡಿಗೆ ಹೋದೆವು. ಬಳಪದ ಕಲ್ಲಿನಲ್ಲಿ ಕಟ್ಟಿದ ಚಾಲುಕ್ಯರ ಕಾಲದ ಗುಡಿ. ಸಾಮಾನ್ಯವಾಗಿ ಗುಡಿಗಳು ಮೂಡಣಕ್ಕೆ ಮುಖ ಮಾಡಿದರೆ ಇದು ಪಡುವಣಕ್ಕೆ ಮಾಡಿದೆ. ಹಾಗಾಗಿ ಸಂಜೆಯ ಬಿಸಿಲಿನಲ್ಲಿ ಮುಂಭಾಗದ ಕೆತ್ತನೆ ನೋಡಲು ಚೆಂದ. ಪೇಟೆಯಲ್ಲಿ ಏಲಕ್ಕಿ ಹಾರ ನೋಡಿದ ಮೊಮ್ಮಗಳು, ಅಷ್ಟು ಏಲಕ್ಕಿಯಲ್ಲಿ ಎಷ್ಟು ಸಲ ಪಾಯಸ ಆಗುತ್ತದೆ ಎಂದು ಅಜ್ಜಿಯ ಹತ್ತಿರ ಲೆಕ್ಕ ಕೇಳಿದಳು.

ಮರುದಿನ ಬೆಳಿಗ್ಗೆ ಅವಳದ್ದು ಇನ್ನೊಂದು ಪ್ರಶ್ನೆ. "ಅಜ್ಜಾ, ಗುಡಿ ಪಶ್ಚಿಮಕ್ಕ ನೋಡ್ತೈತಿ. ನಮ್ಮ ಪ್ಯಾನೆಲ್ ಯಾಕ ದಕ್ಷಿಣಕ್ಕ?"

ಒಂದು ಮೀಟರ್ ಕೋಲು ನೆಟ್ಟು ಉತ್ತರ ಹುಡುಕಿದೆವು. ಹಾವೇರಿಯಲ್ಲಿ ಅತಿ ಗಿಡ್ಡ ನೆರಳು ಬೀಳುವುದು 12 ಗಂಟೆಗಲ್ಲ, ಆ ದಿನಗಳಲ್ಲಿ ಸುಮಾರು 12-40ಕ್ಕೆ. ನಮ್ಮ ಗಡಿಯಾರ ಅಲಹಾಬಾದಿನ ಹತ್ತಿರ ಹಾಯುವ ರೇಖಾಂಶದ್ದು, ನಾವು ಅದಕ್ಕಿಂತ ಪಡುವಣದಲ್ಲಿದ್ದೇವೆ. ಆಗ ಕೋಲಿನ ನೆರಳು ಉತ್ತರಕ್ಕೆ ಸುಮಾರು 44 ಸೆಂಟಿಮೀಟರ್ ಬಿತ್ತು. ನೆರಳು ಉತ್ತರಕ್ಕೆ ಬಿದ್ದರೆ ಸೂರ್ಯ ದಕ್ಷಿಣಕ್ಕಿದ್ದಾನೆ. ಆ ನೆರಳಿನ ಲೆಕ್ಕದಂತೆ ಪ್ಯಾನೆಲನ್ನು ದಕ್ಷಿಣಕ್ಕೆ ಸುಮಾರು 25 ಡಿಗ್ರಿ ಓರೆ ನಿಲ್ಲಿಸಿದರೆ ಬಿಸಿಲು ನೇರ ಬೀಳುತ್ತದೆ. ಏಪ್ರಿಲ್ ಕೊನೆಗೆ ಇದೇ ಊರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗ ಪ್ಯಾನೆಲನ್ನು ಚಾಪೆಯಂತೆ ಅಡ್ಡ ಮಲಗಿಸಿದರಾಯಿತು. ನಿಮ್ಮ ಊರಿನಲ್ಲೂ ಮಕ್ಕಳು ಒಂದು ಕೋಲು ನೆಟ್ಟು ಇದನ್ನು ನೋಡಬಹುದು.

ಜೋಡಣೆಗೆ ಒಂದು ಕ್ರಮವಿದೆ. ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಚಾರ್ಜ್ ಕಂಟ್ರೋಲರ್ ಎಂಬ ಪೆಟ್ಟಿಗೆ ಇರಲೇಬೇಕು. 12 ವೋಲ್ಟಿನದೆಂದು ಕರೆಯುವ ಪ್ಯಾನೆಲ್ ಬಿಸಿಲಿನಲ್ಲಿ 18 ವೋಲ್ಟಿನ ಸುಮಾರಿಗೆ ಕೆಲಸ ಮಾಡುತ್ತದೆ, ಏನೂ ಜೋಡಿಸದಿದ್ದಾಗ 21-22 ತೋರಿಸುತ್ತದೆ. ಬ್ಯಾಟರಿ ತುಂಬುವಾಗ 14.4ರ ಹತ್ತಿರ ತಡೆಯಬೇಕು. ಆ ತಡೆಯುವ ಕೆಲಸ ಕಂಟ್ರೋಲರಿನದು. ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ ಜೋಡಿಸಬೇಕು, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಜೋಡಿಸುವಷ್ಟು ಹೊತ್ತು ಪ್ಯಾನೆಲನ್ನು ಬೋರಲು ಹಾಕುವುದು ಒಳ್ಳೆಯದು. ಕೆಂಪು ತಂತಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಬ್ಯಾಟರಿಯ ಪ್ಲಸ್ಸಿಗೆ ತೀರ ಹತ್ತಿರದಲ್ಲಿ 15 ಆಂಪಿಯರಿನ ಫ್ಯೂಸ್. ಕೈಯಲ್ಲಿ ಉಂಗುರ, ಬಳೆ ಇದ್ದರೆ ತೆಗೆದಿಡಬೇಕು, ಏಕೆಂದರೆ ಎರಡು ತುದಿಗೂ ಲೋಹ ತಾಗಿದರೆ 12 ವೋಲ್ಟಿನ ಬ್ಯಾಟರಿಯೂ ಚರ್ಮ ಸುಡುವಷ್ಟು ಕರೆಂಟು ಹರಿಸುತ್ತದೆ. ಬ್ಯಾಟರಿ ತುಂಬುವಾಗ ಜಲಜನಕ ಹೊರಬರುವುದರಿಂದ ಅದರ ಪೆಟ್ಟಿಗೆಗೆ ಗಾಳಿಕಿಂಡಿ ಬೇಕು. ಜೋಡಣೆಯನ್ನು ಮಗ ಮಾಡಿದ. ಮೊಮ್ಮಗಳ ಕೆಲಸ ಮೀಟರ್ ನೋಡಿ ಬರೆಯುವುದು.

ಇದೆಲ್ಲ ನನಗೆ ತೀರ ಹೊಸದೇನಲ್ಲ. 1990ರ ದಶಕದಲ್ಲಿ ನಮ್ಮ ಕಡೆಯ ಹಳ್ಳಿಗಳ ಹಂಚಿನ ಮನೆಗಳ ಮೇಲೆ ಇಂಥ ಪ್ಯಾನೆಲ್‌ಗಳು ಕಾಣಿಸತೊಡಗಿದವು. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೊ ಕಂಪನಿ ಮನೆಮನೆಗೆ ಸೌರದೀಪ ಹಾಕುತ್ತಿತ್ತು. ಬಡವರು ಒಂದೇ ಸಲ ಅಷ್ಟು ಹಣ ಎಲ್ಲಿಂದ ತರಬೇಕು? ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಸೌರದೀಪಕ್ಕೆ ಸಾಲ ಕೊಡಲು ಮುಂದಾದ ಮೊದಲಿಗರಲ್ಲಿ ಒಂದು. ಆ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಒಂದು ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪ. ಬೆಳೆ ಬಂದಾಗ ಕಂತು. ನಮ್ಮ ಬಂಡಿಯಲ್ಲಿ ಇರುವುದೂ ಅದೇ ಸಾಮಾನು, ಕೆಳಗೆ ಗಾಲಿ ಬಂದಿದೆ ಅಷ್ಟೇ.

ಹಾವೇರಿಯಿಂದ ಹೆದ್ದಾರಿ 48ರಲ್ಲಿ ಬಂದು ಮೋಟೆಬೆನ್ನೂರಿನಲ್ಲಿ ಒಳಕ್ಕೆ ತಿರುಗಿದರೆ ಬ್ಯಾಡಗಿ. ಊರು ಕಾಣುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಬೇಸಿಗೆಯ ಈ ಹೊತ್ತು ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿ. ಚೀಲದ ರಾಶಿ, ಲಾರಿ, ಹಮಾಲರ ಕೂಗು, ಮುಖಕ್ಕೆ ವಸ್ತ್ರ ಸುತ್ತಿಕೊಂಡು ಕಾಯಿ ಆರಿಸುವ ಹೆಣ್ಣುಮಕ್ಕಳು. ನಾವೈವರೂ ಸಾಲಾಗಿ ಸೀನಿದೆವು. ಬ್ಯಾಡಗಿ ಕಾಯಿಯ ಗುಣ ಬಣ್ಣದಲ್ಲಿದೆ, ಖಾರ ಕಡಿಮೆ. ಗಿಡ್ಡಗೆ ದಪ್ಪಗಿರುವುದು ಡಬ್ಬಿ, ಉದ್ದಕ್ಕೆ ಸುಕ್ಕುಗಟ್ಟಿದ್ದು ಕಡ್ಡಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿದೆ. ಇದರಿಂದ ತೆಗೆದ ಬಣ್ಣ ತಿಂಡಿತಿನಿಸಿಗಷ್ಟೇ ಅಲ್ಲ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ಎಂದು ಹೇಳಿದಾಗ ಸೊಸೆ ನಕ್ಕಳು.

ಊರ ಸುತ್ತ ಶೈತ್ಯಾಗಾರಗಳು ಬಹಳ. ಬಿಸಿಲಿನಲ್ಲಿ ಒಣಗಿಸಿದ ಕಾಯಿಯನ್ನು ಬೆಲೆ ಬರುವ ತನಕ ಬಣ್ಣ ಮಾಸದಂತೆ ತಂಪಿನಲ್ಲಿ ಇಡುತ್ತಾರೆ. ನನ್ನಾಕೆ ಅದನ್ನು ನೋಡಿ, "ಮೆಣಸಿನಕಾಯಿಗೂ ನನ್ನ ಹಂಗ ತಂಪು ಬೇಕು ನೋಡ್ರಿ" ಅಂದಳು.

ಆ ಮಧ್ಯಾಹ್ನ ಊರ ಹೊರಗಿನ ಒಂದು ಕಣದ ಬದಿಯಲ್ಲಿ ಬಂಡಿ ನಿಲ್ಲಿಸಿದೆವು. ಕಣದ ತುಂಬ ಕೆಂಪು ಕಾಯಿ, ಪಕ್ಕದಲ್ಲಿ ನಮ್ಮ ಕಪ್ಪು ಪ್ಯಾನೆಲ್. ಎರಡೂ ಬಿಸಿಲಿಗೇ ಕಾದಿದ್ದರೂ ಬೇಕಾದದ್ದು ಬೇರೆ ಬೇರೆ. ಕಾಯಿಗೆ ಬಿಸಿಯೂ ಬೇಕು. ಪ್ಯಾನೆಲ್‌ಗೆ ಬೆಳಕು ಮಾತ್ರ ಸಾಕು, ಬಿಸಿ ಆಗದು. ಅದರ 100 ವ್ಯಾಟ್ ಎಂಬ ಲೆಕ್ಕ 25 ಡಿಗ್ರಿಯದು. ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆ ಶೇ. 0.4ರಷ್ಟು ಕಡಿಮೆಯಾಗುತ್ತದೆ. ಪ್ಯಾನೆಲ್ 60 ಡಿಗ್ರಿಗೆ ಕಾದರೆ 100ರಲ್ಲಿ 14 ಹೋಯಿತು. ಆದ್ದರಿಂದ ಅದನ್ನು ನೆಲಕ್ಕೆ ಅಂಟಿಸದೆ, ಹಿಂದೆ ಗಾಳಿಯಾಡುವಂತೆ ಕಾಲುಗಳ ಮೇಲೆ ನಿಲ್ಲಿಸಿದೆವು. ಕಣದ ಧೂಳನ್ನು ಬೆಳಗಿನ ತಂಪಿನಲ್ಲೇ ಒದ್ದೆ ಬಟ್ಟೆಯಿಂದ ಒರೆಸಿದೆವು.

ಎರಡನೆಯ ಮುಂಜಾನೆ ಮೀಟರ್ 12.3 ವೋಲ್ಟ್ ತೋರಿಸಿತು. ಸೂರ್ಯ ಏರುವ ಮೊದಲು, ಫ್ರಿಜ್ಜಿನ ಮೋಟಾರು ನಿಂತಿರುವಾಗ ನೋಡಿದರೆ ಮಾತ್ರ ಈ ಅಂಕಿ ನಂಬಬಹುದು. 12.7 ಅಂದರೆ ತುಂಬಿದ ಬ್ಯಾಟರಿ, 12.1ರ ಹತ್ತಿರ ಬಂದರೆ ಅರ್ಧ.

ಮೂರನೆಯ ಮತ್ತು ನಾಲ್ಕನೆಯ ರಾತ್ರಿ ರಾಣೆಬೆನ್ನೂರು ತಾಲ್ಲೂಕಿನ ಒಂದು ಹೊಲದಲ್ಲಿ, ಪರಿಚಯದ ರೈತರ ಹುಣಸೆಮರದ ಕೆಳಗೆ. ಇಲ್ಲಿ ನಮ್ಮ ಬಂಡಿಯ ಮುಖ್ಯ ಸಂಗತಿ ಗೊತ್ತಾಯಿತು. ಬಂಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗೆ ಬೇಯುತ್ತದೆ, ಫ್ರಿಜ್ಜಿಗೆ ದುಪ್ಪಟ್ಟು ದುಡಿತ. ನೆರಳಿನಲ್ಲಿ ನಿಲ್ಲಿಸಿದರೆ ಛಾವಣಿಗೆ ಬಡಿದ ಪ್ಯಾನೆಲ್ ಏನೂ ಕೊಡದು. ಎತ್ತಿ ಇಡುವ ಪ್ಯಾನೆಲ್‌ನ ಪ್ರಯೋಜನ ಇದೇ: ಬಂಡಿ ನೆರಳಿನಲ್ಲಿ, ಪ್ಯಾನೆಲ್ ಬಿಸಿಲಿನಲ್ಲಿ, ನಡುವೆ ಹತ್ತು ಮೀಟರ್ ತಂತಿ. ಆದರೆ ಆ ತಂತಿ ದಪ್ಪ ಇರಬೇಕು. ಹೋಗಿ ಬರುವ ದಾರಿ ಇಪ್ಪತ್ತು ಮೀಟರ್. 1.5 ಚದರ ಮಿಲಿಮೀಟರಿನ ತಂತಿಯಾದರೆ 5.5 ಆಂಪಿಯರಿಗೆ ದಾರಿಯಲ್ಲೇ 1.3 ವೋಲ್ಟ್ ಸೋರಿಹೋಗುತ್ತದೆ. 4 ಚದರ ಮಿಲಿಮೀಟರಾದರೆ ಅರ್ಧ ವೋಲ್ಟ್. ಕಂಟ್ರೋಲರ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ದೂರದಲ್ಲಿ ಪ್ಯಾನೆಲ್ ಹತ್ತಿರ ಇದ್ದರೆ ತಂತಿಯಲ್ಲಿ ಸೋರಿದ ವೋಲ್ಟನ್ನೂ ಬ್ಯಾಟರಿಯದೆಂದು ತಿಳಿದು, ಅದು ತುಂಬುವ ಮೊದಲೇ ಕರೆಂಟು ತಗ್ಗಿಸಿಬಿಡುತ್ತದೆ.

ಮೂರನೆಯ ಮುಂಜಾನೆ ಅಂಕಿ 12.2. ಆಕಾಶದಲ್ಲಿ ಮೋಡ. ಮನೆಯವರೆಲ್ಲ ಮೊಮ್ಮಗಳ ನೋಟ್‌ಬುಕ್ಕಿನ ಸುತ್ತ ಕೂತೆವು. ಖರ್ಚಿನಲ್ಲಿ ಏನು ಬಿಡುವುದು? ಫ್ರಿಜ್ಜು ಬಿಡುವಂತಿಲ್ಲ. ಫ್ಯಾನು ಬೇಡ ಎಂದು ನನ್ನಾಕೆಯೇ ಹೇಳಿದಳು. ಮೊಬೈಲು ಬೇಡ ಎಂದು ಮಗ ಹೇಳಿದ, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹಾವೇರಿಯಲ್ಲಿ ನನ್ನಾಕೆ ಕೊಂಡ ಮಣ್ಣಿನ ಗಡಿಗೆಯೂ ಇತ್ತು. ಒದ್ದೆ ಬಟ್ಟೆ ಸುತ್ತಿ ಗಾಳಿಗಿಟ್ಟರೆ, ಈ ಒಣ ಹವೆಯಲ್ಲಿ ಫ್ರಿಜ್ಜಿನಷ್ಟಲ್ಲದಿದ್ದರೂ ಹೊರಗಿಗಿಂತ ಒಳಗೆ ಎಷ್ಟೋ ತಂಪು. ಬಳಸುತ್ತಿದ್ದ ಶೀಸೆಯನ್ನು ಒಣ ಡಬ್ಬಿಯಲ್ಲಿ ಹಾಕಿ ಅದರಲ್ಲಿಟ್ಟಳು, ಫ್ರಿಜ್ಜಿನ ಬಾಗಿಲು ಪದೇ ಪದೇ ತೆಗೆಯುವುದು ತಪ್ಪಿತು.

ಹತ್ತು ಗಂಟೆಗೆ ಮೋಡ ಚದುರಿತು. ಅಂದು ಪ್ಯಾನೆಲನ್ನು ಒಂದೇ ಕಡೆ ಬಿಡಲಿಲ್ಲ. ಬೆಳಿಗ್ಗೆ ಮೂಡಣಕ್ಕೆ, ಮಧ್ಯಾಹ್ನ ದಕ್ಷಿಣಕ್ಕೆ, ಮೂರರ ಮೇಲೆ ಪಡುವಣಕ್ಕೆ ತಿರುಗಿಸಿದೆವು. ಒಮ್ಮೆ ಆಂಪಿಯರ್ 4.6ರಿಂದ 2ಕ್ಕಿಂತ ಕೆಳಗೆ ಬಿತ್ತು. ಮೊಮ್ಮಗಳು ಓಡಿಹೋಗಿ ನೋಡಿದರೆ, ಹುಣಸೆಯ ಒಂದು ಟೊಂಗೆಯ ನೆರಳು ಪ್ಯಾನೆಲ್‌ನ ಮೂಲೆಗೆ ಬಂದಿತ್ತು. ಪ್ಯಾನೆಲ್‌ನ ಬಿಲ್ಲೆಗಳು ಒಂದರ ಬಾಲಕ್ಕೆ ಒಂದು ಜೋಡಿಸಿದಂತೆ ಇರುತ್ತವೆ. ಒಂದಕ್ಕೆ ನೆರಳಾದರೆ ಸಾಲೇ ಸೊರಗುತ್ತದೆ. ಅವಳು ಎರಡು ಹೆಜ್ಜೆ ಆಚೆ ಎಳೆದಳು, ಅಂಕಿ ಮೇಲೇರಿತು.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು, 119 ಚದರ ಕಿಲೋಮೀಟರ್. ಅದನ್ನು ನೋಡಿ ಬರುವ ಸಂಜೆ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಹೆಗಲಿಗೆ ಕಂಬಳಿ ಹಾಕಿದ ಕುರಿಗಾರ, ಕುದುರೆಯ ಮೇಲೆ ಹೇರು, ಹೇರಿನ ಮೇಲೆ ಅಂಗೈಯೆರಡರಷ್ಟು ಅಗಲದ ಪ್ಯಾನೆಲ್. ಅದರಿಂದ ಒಂದು ಲೈಟು, ಒಂದು ಮೊಬೈಲು. ಮಧ್ಯಾಹ್ನ ಅವನು ಬೇವಿನ ನೆರಳಿನಲ್ಲಿ ಕೂತು ಅದನ್ನು ಬಂಡೆಯ ಮೇಲೆ ಬಿಸಿಲಿಗಿಡುತ್ತಾನಂತೆ. ಕುರಿಮರಿಗಳಿಗೆ ತೋಳದ ಭಯ.

"ತೋಳ ಬಂದರ ನಾಯಿ ಹೇಳ್ತೈತ್ರಿ ಅಜ್ಜಾರ. ಎಲ್ಲಿ ಐತಿ ಅಂತ ಲೈಟ್ ಹೇಳ್ತೈತಿ," ಅಂದ. ಮೊಮ್ಮಗಳು ನಮ್ಮ ಪ್ಯಾನೆಲ್‌ನ ವಿಷಯ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು: "ರಾತ್ರಿಗೆ ಸಾಲ್ತೈತೇನವ್ವ?"

ನಾಲ್ಕನೆಯ ಮುಂಜಾನೆ ಅಂಕಿ 12.2ರಲ್ಲೇ ನಿಂತಿತ್ತು, ಇಳಿದಿರಲಿಲ್ಲ. ಮೊಮ್ಮಗಳು ಅದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದಳು. ಫ್ರಿಜ್ಜಿನೊಳಗಿನ ಥರ್ಮಾಮೀಟರ್ 6 ಡಿಗ್ರಿ ತೋರಿಸುತ್ತಿತ್ತು. ನನ್ನಾಕೆ ಸೂಜಿ ತೆಗೆದುಕೊಂಡು, ತಿಂಡಿಗೆ ಉಪ್ಪಿಟ್ಟು ಕೆದಕಲು ಸೊಸೆಗೆ ಹೇಳಿದಳು.